ಬೀಗದ ಚಿಹ್ನೆ ಇದ್ದರೆ ಸೈಟ್ ಅಸಲಿಯೇ?

ಕಲಬುರಗಿಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: 'ಲಾಗಿನ್ ಪುಟದ ಮೇಲೆ ಬೀಗದ ಚಿಹ್ನೆ ಇದ್ದರೆ ಅದು ಅಸಲಿ ಸೈಟ್, ಧೈರ್ಯವಾಗಿ ಪಾಸ್‌ವರ್ಡ್ ಹಾಕಿ.'

ಇದು ತಪ್ಪು.

ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವಿನ ಮಾತನ್ನು ಬೇರೆಯವರು ಓದಲಾರರು. ಆ ಕಡೆ ಕೂತವನು ಯಾರು, ಒಳ್ಳೆಯವನೋ ಕಳ್ಳನೋ, ಅದು ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆಯಾಗಿಯೇ ಸಿಗುತ್ತದೆ, ಕಳ್ಳನಿಗೂ. ಜನ ಹೀಗೆ ಮೋಸ ಹೋಗುತ್ತಾರೆಂದೇ 2023ರಲ್ಲಿ ಕ್ರೋಮ್ ಕಂಪ್ಯೂಟರಿನಲ್ಲಿ ಆ ಬೀಗವನ್ನೇ ತೆಗೆದುಹಾಕಿತು.

ನೋಡಬೇಕಾದ್ದು ವಿಳಾಸ. ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ಹುಡುಕಿ, ಅದರ ಎಡಕ್ಕೆ ಅಂಟಿಕೊಂಡಿರುವುದನ್ನು ಓದಿ. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳ ವಿಳಾಸ ಅಲ್ಲಿ 'ಎಸಿ ಡಾಟ್ ಇನ್' ಎಂದು ಮುಗಿಯುತ್ತದೆ. 'ಎಸಿ ಡಾಟ್ ಇನ್ ಡಾಟ್ ಲಾಗಿನ್‌ಹೆಲ್ಪ್ ಡಾಟ್ ಕಾಮ್' ಅಂತಿದ್ದರೆ? ಮಾಲೀಕ ಲಾಗಿನ್‌ಹೆಲ್ಪ್, ವಿಶ್ವವಿದ್ಯಾಲಯ ಅಲ್ಲ. ಅದರ ಎಡಕ್ಕಿರುವುದೆಲ್ಲ ಸುಮ್ನೆ ವೇಷ.

ಸಿಂಗಲ್ ಸೈನ್-ಆನ್‌ನಲ್ಲಿ ಒಂದೇ ಪಾಸ್‌ವರ್ಡಿಗೆ ಇಮೇಲ್, ಲೈಬ್ರರಿ, ಫಲಿತಾಂಶ ಎಲ್ಲ ತೆರೆಯುತ್ತದೆ. ಹೋದರೆ ಎಲ್ಲವೂ ಒಟ್ಟಿಗೇ ಹೋಯಿತು, ಅಲ್ವಾ?

ಸೂಪರ್ ಮಾರ್ಕೆಟ್ ಕಡೆಯ ನೆಟ್ ಸೆಂಟರಿನಲ್ಲಿ ಕೂತಿದ್ದರೆ ಇನ್ನೊಂದು ಮಾತು. ಲೈಬ್ರರಿ ಪುಟದಿಂದ ಲಾಗ್ಔಟ್ ಆದರೂ ಮೂಲ ಲಾಗಿನ್ ತೆರೆದೇ ಇರಬಹುದು. ಖಾಸಗಿ (ಇನ್‌ಕಾಗ್ನಿಟೊ) ವಿಂಡೋದಲ್ಲಿ ಲಾಗಿನ್ ಆಗಿ, ಏಳುವ ಮೊದಲು ಅಂಥ ವಿಂಡೋಗಳನ್ನೆಲ್ಲ ಮುಚ್ಚಿ. ಪಾಸ್‌ವರ್ಡ್ ಈಗಾಗಲೇ ನಕಲಿ ಪುಟಕ್ಕೆ ಕೊಟ್ಟಿದ್ದರೆ ಅಸಲಿ ಸೈಟಿಗೆ ಹೋಗಿ ತಕ್ಷಣ ಬದಲಿಸಿ. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.