ಗೀಸರ್ ಒಳಗಿನ ಆ ರಾಡ್ ಯಾವತ್ತಾದರೂ ನೋಡಿದ್ದೀರಾ?

ಹೋದ ವಾರ ಮನೆಯ ಗೀಸರ್ ಬಿಚ್ಚಿಸಿದೆ. ಕೆಟ್ಟು ನಿಂತಿರಲಿಲ್ಲ. ನೀರು ಕಾಯೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು, ಒಳಗೆ ಚಟಚಟ ಸದ್ದು ಬೇರೆ. ಕೆಳಗಿನ ಪ್ಲೇಟ್ ಬಿಚ್ಚುತ್ತಿದ್ದಂತೆ ಬಕೆಟ್‌ಗೆ ಬಿಳಿ ಕೆಸರು ಸುರಿಯಿತು. ಅದರಲ್ಲಿ ಮೊಟ್ಟೆ ಸಿಪ್ಪೆಯಂಥ ಚೂರುಗಳು. ನೀರು ಕಾಯಿಸುವ ಸುರುಳಿ, ಅಂದರೆ ಎಲಿಮೆಂಟ್ ಮೇಲೆ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದರ ಪಕ್ಕ ಒಂದು ಸಣ್ಣ ತಂತಿ.

"ಆನೋಡ್ ರಾಡ್ ಎಲ್ಲಿ?" ಅಂದೆ.

"ಇದೇ ಮೇಡಂ. ತಂತಿ ಮಾತ್ರ ಉಳಿದಿದೆ" ಎಂದರು ಮೆಕ್ಯಾನಿಕ್.

ಹೆಬ್ಬೆರಳು ದಪ್ಪದ ರಾಡ್ ಪೂರ್ತಿ ಕರಗಿಹೋಗಿತ್ತು. ಕರಗಬೇಕಾದದ್ದೇ, ಅದರ ಕೆಲಸವೇ ಅದು. ಟ್ಯಾಂಕ್ ಉಕ್ಕಿನದು, ಒಳಗೆ ಗಾಜಿನ ಲೇಪ ಇರುತ್ತದೆ. ಆ ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ತುಕ್ಕು ಶುರು. ಮೆಗ್ನೀಸಿಯಂ ರಾಡ್ ಜೊತೆಗಿದ್ದರೆ ಮೊದಲು ಸವೆಯುವುದು ಅದು, ಉಕ್ಕು ಉಳಿಯುತ್ತದೆ. ಹೊಸ ವಿದ್ಯೆಯೇನಲ್ಲ ಇದು. ಹಡಗಿನ ತಳದ ತಾಮ್ರದ ತಗಡನ್ನು ಸಮುದ್ರದ ನೀರು ತಿನ್ನದಂತೆ ಕಾಯೋಕೆ 1824ರಲ್ಲೇ ಇಂಗ್ಲಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಸತು, ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಿ ನೋಡಿದ್ದ.

ನನಗೆ ಬೇಜಾರಾಗೋದು ಇಲ್ಲೇ. ಗೀಸರ್ ಮಾರುವವರು ಟ್ಯಾಂಕ್ ಗ್ಯಾರಂಟಿ ಎಷ್ಟು ವರ್ಷ ಅಂತ ಹೇಳುತ್ತಾರೆ, ರಾಡ್ ವಿಷಯ ಎತ್ತುವುದೇ ಇಲ್ಲ. ಟ್ಯಾಂಕ್ ತೂತು ಬಿದ್ದ ಮೇಲೆ "ಹಳೇದಾಯ್ತು, ಹೊಸದು ತಗೊಳ್ಳಿ" ಅನ್ನುತ್ತಾರೆ. ಸಮಯಕ್ಕೆ ರಾಡ್ ಬದಲಿಸಿದ್ದರೆ ಎಷ್ಟೋ ಟ್ಯಾಂಕ್‌ಗಳು ಇನ್ನೂ ಬಾಳುತ್ತಿದ್ದವು, ಅಲ್ವಾ? ಗಡಸು ನೀರಿನ ಮನೆಯಲ್ಲಂತೂ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಲೇಬೇಕು. ನೀರು ಬಿಸಿಯಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ. ಎಲಿಮೆಂಟ್‌ನ ಶಾಖ ನೀರಿಗೆ ಸರಿಯಾಗಿ ತಲುಪದೆ ಅದು ತಾನೇ ಸುಟ್ಟುಹೋಗುತ್ತದೆ.

ಹಾಗಂತ ಥರ್ಮೋಸ್ಟಾಟ್ (ನೀರು ಎಷ್ಟು ಬಿಸಿಯಾಗಬೇಕೆಂದು ಹಿಡಿದಿಡುವ ಸಾಧನ) ತೀರಾ ಇಳಿಸಬೇಡಿ. 20ರಿಂದ 45 ಡಿಗ್ರಿಯ ನೀರಲ್ಲಿ ಶ್ವಾಸಕೋಶದ ಕಾಯಿಲೆ ತರುವ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಾನು 60ಕ್ಕೆ ಇಟ್ಟಿದ್ದೇನೆ. ಆ ನೀರು ಕೆಲವೇ ಸೆಕೆಂಡಲ್ಲಿ ಮೈ ಸುಡುತ್ತದೆ, ಅದಕ್ಕೇ ತಣ್ಣೀರು ಬೆರೆಸದೆ ಮಕ್ಕಳನ್ನು ನಲ್ಲಿ ಹತ್ತಿರ ಬಿಡುವುದಿಲ್ಲ.

ಇನ್ನೊಂದು ವಿಷಯ. ಹಿಂದಿನ ಮನೆಯಲ್ಲಿ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು. ರಿಪೇರಿಗೆ ಬಂದವರೊಬ್ಬರು ಅದರ ಬಾಯಿಗೆ ಬಿರಡೆ ಹಾಕಿ ಹೋದರು. ನನಗೂ ಆಗ ಗೊತ್ತಿರಲಿಲ್ಲ, ಸುಮ್ನೆ ಬಿಟ್ಟೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದರೆ ಒಂದು ಲೋಟದಷ್ಟು ಹಿಗ್ಗುತ್ತದೆ. ಅದಕ್ಕೆ ಹೋಗಲು ದಾರಿ ಬೇಕು. ಕಾಯುವಾಗ ನಾಲ್ಕು ಹನಿ ಬಿದ್ದರೆ ವಾಲ್ವ್ ಕೆಲಸ ಮಾಡುತ್ತಿದೆ ಎಂದರ್ಥ. ಸದಾ ಸುರಿಯುತ್ತಿದ್ದರೆ ವಾಲ್ವ್ ಬದಲಿಸಿ. ಮುಚ್ಚಬೇಡಿ, ದಯವಿಟ್ಟು. ಥರ್ಮೋಸ್ಟಾಟ್ ಕೈಕೊಟ್ಟು, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಕಟೌಟ್ ಕೂಡ ಕೆಲಸ ಮಾಡದಿದ್ದರೆ, ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಟ್ಯಾಂಕ್ ಸೀಳಿದ ಕ್ಷಣ ಅದರಲ್ಲಿ ಒಂದು ಪಾಲು ಆವಿಯಾಗುತ್ತದೆ. ಆವಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು. ಗೋಡೆ ಒಡೆಯೋಕೆ ಇನ್ನೇನು ಬೇಕು?

ಬಿಚ್ಚಿಸುವ ದಿನ ಸ್ವಿಚ್ ಒಂದೇ ಸಾಲದು, ಮೀಟರ್ ಬೋರ್ಡ್‌ನಲ್ಲಿ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚನ್ನೂ ಇಳಿಸಿ. ನೀರು ಆರಲು ಬಿಡಿ. ಮುಚ್ಚುವಾಗ ನೀರು ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ಅಂತ ಚೆಕ್ ಮಾಡಿಸಿ. ಟ್ಯಾಂಕ್ ತುಂಬಿ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿ.

ನಮ್ಮ ಗೀಸರ್‌ಗೆ ಹೊಸ ರಾಡ್ ಬಿದ್ದಿದೆ. ತಾರೀಖನ್ನು ಮಾರ್ಕರ್‌ನಲ್ಲಿ ಗೀಸರ್ ಮೈಮೇಲೇ ಬರೆದಿಟ್ಟಿದ್ದೇನೆ.