ಅಲೈಡ್ ಹೆಲ್ತ್ ಸೀಟು ತೆಗೆದುಕೊಳ್ಳುವ ಮುಂಚೆ ಆಸ್ಪತ್ರೆ ನೋಡಿ

ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ ಅಂತ ತುಂಬಾ ಮಕ್ಕಳು ಅಲೈಡ್ ಹೆಲ್ತ್ ಕೋರ್ಸ್ (ಡಯಾಲಿಸಿಸ್, ಲ್ಯಾಬ್, ಎಕ್ಸ್‌ರೇಯಂಥ ಕೆಲಸ ಕಲಿಸುವ ಓದು) ಸೇರುತ್ತಾರೆ. ಸೇರಲಿ, ಒಳ್ಳೆಯ ಓದು. ಆದರೆ ಕಟ್ಟಡ, ಹಾಸ್ಟೆಲ್ ನೋಡಿ ಸುಮ್ನೆ ಸೀಟು ತೆಗೆದುಕೊಳ್ಳಬೇಡಿ. ಆ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕಲಿಯುತ್ತಾರೆ ಅಂತ ಮೊದಲು ಕೇಳಿ.

ನಾನು ಡಯಾಲಿಸಿಸ್ ಟೆಕ್ನಾಲಜಿ ಓದಿದವಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಇದು ಬಿ.ಎಸ್ಸಿ. ಪದವಿ. ಮೂರು ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಎಲ್ಲವನ್ನೂ ಪುಸ್ತಕದಿಂದ ಕಲಿಯಬಹುದು. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಅದರ ಮೇಲೆ ಬೆರಳಿಟ್ಟಾಗ ಸಿಗುವ ಕಂಪನವನ್ನು ಪುಸ್ತಕ ಕಲಿಸುವುದಿಲ್ಲ. ಒಂದೇ ಜಾಗಕ್ಕೆ ಪದೇ ಪದೇ ಸೂಜಿ ಹಾಕಿದರೆ ಆ ರಕ್ತನಾಳ ಊದಿಕೊಳ್ಳುತ್ತದೆ. ರೋಗಿಗೆ ಅದೇ ಜೀವನಾಡಿ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಲ್ಲಿ ನೀರಿನ ಕ್ರಿಮಿ ಕೊಲ್ಲಲು ಬಳಸುವ ಕ್ಲೋರಮೈನ್ ಅದರಲ್ಲಿ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರೋಗಿ ಆಕಳಿಸಲು ಶುರು ಮಾಡಿದರೆ ನಿದ್ದೆ ಬಂತೇನೋ ಅನಿಸುತ್ತದೆ. ಎಷ್ಟೋ ಸಲ ಅದು ಬಿಪಿ ಇಳಿಯುವ ಸೂಚನೆ. ಇದನ್ನೆಲ್ಲ ಪಕ್ಕದಲ್ಲಿ ನಿಂತ ಸೀನಿಯರ್ ತೋರಿಸಿಕೊಡಬೇಕು.

ಅದಕ್ಕೇ ಇಂಟರ್ನ್‌ಶಿಪ್ ಬಗ್ಗೆ ನನಗೆ ಇಷ್ಟು ಸಿಟ್ಟು. ಕೆಲವು ಕಡೆ ಇಂಟರ್ನ್‌ ಅಂದರೆ ಪುಕ್ಕಟೆ ಸ್ಟಾಫ್. ರಾತ್ರಿ ಪಾಳಿಗೆ ಒಬ್ಬರನ್ನೇ ಬಿಡುತ್ತಾರೆ. ಸ್ಟೈಪೆಂಡ್ ಕೇಳಿದರೆ ಸರ್ಟಿಫಿಕೇಟ್ ಬೇಡವಾ ಅನ್ನುತ್ತಾರೆ. ಕಲಿಯುವವರಿಗೂ ಅನ್ಯಾಯ, ಮಂಚದ ಮೇಲಿರುವವರಿಗೂ ಅಪಾಯ.

2021ರಲ್ಲಿ ಈ ವೃತ್ತಿಗಳಿಗೆ ಅಂತಲೇ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅಲೈಡ್ ಹೆಲ್ತ್ ಪ್ರೊಫೆಷನಲ್ (ಟೆಕ್ನಿಷಿಯನ್ ಮುಂತಾದವರು) ಆಗಲು ಕನಿಷ್ಠ 2000 ಗಂಟೆ, ಹೆಲ್ತ್‌ಕೇರ್ ಪ್ರೊಫೆಷನಲ್ (ಥೆರಪಿಸ್ಟ್ ಮುಂತಾದವರು) ಅನಿಸಿಕೊಳ್ಳಲು ಕನಿಷ್ಠ 3600 ಗಂಟೆಯ ಓದು ಬೇಕು ಅಂತ ಅದು ಹೇಳುತ್ತದೆ. ರಿಜಿಸ್ಟರ್‌ನಲ್ಲಿ ಹೆಸರೂ ಇರಬೇಕು. ತುಂಬಾ ತಡವಾಗಿ ಬಂದರೂ ಬೇಕಿದ್ದ ಕಾನೂನು. ಆದರೆ ಆ ಗಂಟೆಗಳಲ್ಲಿ ಯಾರು ಕಲಿಸಿದರು ಅನ್ನುವುದೂ ಮುಖ್ಯ ಅಲ್ವಾ?

ಹಾಗಾಗಿ ಅಪ್ಪ ಅಮ್ಮಂದಿರೇ, ಫೀಸು ಕಟ್ಟುವ ಮುಂಚೆ ಡಯಾಲಿಸಿಸ್ ಯೂನಿಟ್ ತೋರಿಸಿ ಅನ್ನಿ. ಎಷ್ಟು ಮಷಿನ್ ಓಡುತ್ತಿವೆ, ಒಂದು ಮಷಿನ್‌ಗೆ ಎಷ್ಟು ವಿದ್ಯಾರ್ಥಿಗಳು, ಮೊದಲ ಸಲ ಸೂಜಿ ಹಾಕುವಾಗ ಜೊತೆಗೆ ಯಾರಿರುತ್ತಾರೆ, ಎಲ್ಲ ಕೇಳಿ. ಪ್ರಿನ್ಸಿಪಾಲರನ್ನಷ್ಟೇ ಅಲ್ಲ, ಅಲ್ಲೇ ಕ್ಯಾಂಟೀನಿನಲ್ಲಿ ಕೂತಿರುವ ಇಂಟರ್ನ್‌ಗಳನ್ನೂ ಕೇಳಿ.