ದೊಡ್ಡಪ್ಪನ ಮೂರನೇ ಕಣ್ಣು

ಇವತ್ತು ಬೆಳಿಗ್ಗೆ ಬಾತ್‌ರೂಮಿನ ಲೈಟ್ ಹಾಕಿದ ತಕ್ಷಣ ಕೈ ತಾನಾಗೇ ಕಣ್ಣಿಗೆ ಅಡ್ಡ ಹೋಯ್ತು. ಕ್ಯಾಂಪಿಂಗ್ ಮುಗಿಸಿ ಬಂದು ಮೂರು ದಿನ ಆಯ್ತು. ಸೊಳ್ಳೆ ಕಚ್ಚಿದ ಗುಳ್ಳೆ ಇಳಿದಿದೆ, ಸೊಂಟ ಒಂದು ಹದಕ್ಕೆ ಬಂದಿದೆ, ದೊಡ್ಡಪ್ಪನ ಹೆಡ್‌ಲ್ಯಾಂಪ್ ಮಾತ್ರ ಕಣ್ಣು ಮುಚ್ಚಿದ್ರೂ ಹಸಿರು ಚುಕ್ಕೆಯಾಗಿ ಓಡಾಡ್ತಾನೇ ಇದೆ.

ಐಡಿಯಾ ಚಿಕ್ಕಪ್ಪನ ಮಗಳದ್ದು. ಎಂಟು ವರ್ಷದಿಂದ ನಾವೆಲ್ಲ ಒಂದು ಕಡೆ ಸೇರಿದ್ದೀವಿ ಅಂದ್ರೆ ಯಾರದೋ ಮದುವೆ ಇಲ್ಲಾ ಯಾರದೋ ಸಾವು, ಎರಡರಲ್ಲೂ ಕೂತು ಮಾತಾಡೋಕೆ ಪುರುಸೊತ್ತಿರಲ್ಲ, ಅದಕ್ಕೇ ಎರಡು ರಾತ್ರಿ ಕಾಡಂಚಲ್ಲಿ ಟೆಂಟ್ ಹಾಕ್ಕೊಂಡು ಮನಸ್ಸು ಬಿಚ್ಚಿ ಹರಟೋಣ ಅಂತ ಗ್ರೂಪಲ್ಲಿ ಹಾಕಿದ್ಳು, 17 ಜನ ಹೂಂ ಅಂದ್ರು. ನಾಲ್ಕು ಜನರ ಟೆಂಟು ನಾಲ್ಕು ತಗೊಂಡ್ರೆ ಒಬ್ಬರು ತಾನೇ ಹೆಚ್ಚು, ಅಡ್ಜಸ್ಟ್ ಆಗುತ್ತೆ ಅಂತ ಲೆಕ್ಕ ಹಾಕಿದ ಬೃಹಸ್ಪತಿ ನಾನೇ. ನಾಲ್ಕು ಜನರ ಟೆಂಟ್ ಅಂದ್ರೆ ನಾಲ್ಕು ಜನ ಬಾಕ್ಸಲ್ಲಿರೋ ಪೆನ್ಸಿಲ್ ಥರ ಮಗ್ಗುಲು ಬದಲಾಯಿಸದೆ ಮಲಗಬಹುದು ಅಂತ ಅರ್ಥ, ಬ್ಯಾಗಿಗೆ ಅದರಲ್ಲಿ ಜಾಗ ಇಲ್ಲ, ಅತ್ತೆಯ ಬ್ಯಾಗುಗಳಿಗಂತೂ ಇಲ್ಲವೇ ಇಲ್ಲ. ಗೂಟ ನೆಟ್ಟಗೆ ಹೊಡೀಬೇಕೋ ಓರೆಯಾಗಿ ಹೊಡೀಬೇಕೋ ಅಂತ ಚಿಕ್ಕಪ್ಪಂಗೂ ಮಾವಂಗೂ ಅರ್ಧ ಗಂಟೆ ಜಟಾಪಟಿ. (ಓರೆ. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಆಗ ಹಗ್ಗ ಜಗ್ಗಿದ್ರೂ ಕಿತ್ತು ಬರಲ್ಲ. ಇದು ನಮಗೆ ಗೊತ್ತಾಗಿದ್ದು ಗಾಳಿಗೆ ಎರಡು ಗೂಟ ಹಾರಿಹೋದ್ಮೇಲೆ.)

ಇಷ್ಟೆಲ್ಲ ತಡ್ಕೋಬಹುದಿತ್ತು. ಕತ್ತಲಾಯ್ತು ನೋಡಿ, ದೊಡ್ಡಪ್ಪ ಹೊಸ ಹೆಡ್‌ಲ್ಯಾಂಪ್ ಹಣೆಗೆ ಕಟ್ಕೊಂಡು ಹೊರಗೆ ಬಂದ್ರು. ಡಬ್ಬದ ಮೇಲೆ 600 ಲೂಮೆನ್ ಅಂತ ಇತ್ತಂತೆ, ಲೂಮೆನ್ ಅಂದ್ರೆ ಬೆಳಕಿನ ಅಳತೆ. ಹಳೇ ಕಾಲದ 60 ವ್ಯಾಟ್ ಬಲ್ಬು ಇಡೀ ರೂಮಿಗೆ ಹಂಚ್ತಿದ್ದಿದ್ದು ಸುಮಾರು 800, ಇದು ಅದರ ಮುಕ್ಕಾಲು ಪಾಲನ್ನ ಒಂದೇ ದಿಕ್ಕಿಗೆ ಬಿಡುತ್ತೆ, ಆ ದಿಕ್ಕು ನನ್ನ ಮುಖ. ಯಾಕಂದ್ರೆ ನಮ್ಮ ದೊಡ್ಡಪ್ಪ ಯಾರ ಜೊತೆ ಮಾತಾಡಿದ್ರೂ ಮುಖಕ್ಕೆ ಮುಖ ಕೊಟ್ಟೇ ಮಾತಾಡೋರು.

"ಕೆಲಸ ಹೇಗಿದೆಯೋ?" ಅಂತ ತಿರುಗಿದ್ರು. ಲೋಕವೆಲ್ಲ ಬೆಳ್ಳಗಾಯ್ತು. "ಯಾಕೋ ಕಣ್ಣು ಕಿರಿದು ಮಾಡ್ತೀಯ, ನಂಬರ್ ಚೆಕ್ ಮಾಡಿಸು."

"ದೊಡ್ಡಪ್ಪ, ಲೈಟು..."

"ಎಲ್ಲಿ?" ಅಂತ ಸುತ್ತ ನೋಡಿದ್ರು. ಆ ಒಂದು ಸುತ್ತಿಗೆ ಎಂಟು ಜನ ಕುರುಡಾದ್ರು.

ಮಕ್ಕಳಿಗೆ ನಕ್ಷತ್ರ ತೋರಿಸೋಣ ಅಂತ ಎಲ್ಲಾ ದೀಪ ಆರಿಸಿ, ಮೊಬೈಲ್ ಕಸಿದಿಟ್ಟು ಕೂರಿಸಿದ್ವಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು. ಕೆಡೋಕೆ ಒಬ್ಬ ದೊಡ್ಡಪ್ಪ ಸಾಕು. ಸರಿಯಾಗಿ ಸಣ್ಣ ಚುಕ್ಕಿಗಳೆಲ್ಲ ಮೂಡೋ ಹೊತ್ತಿಗೆ "ಏನ್ರೋ, ಪಾಪ, ಕತ್ತಲಲ್ಲಿ ಕೂತಿದ್ದೀರಲ್ಲ" ಅಂತ ಬೆಳಕು ದಾನ ಮಾಡೋಕೆ ಬಂದೇಬಿಟ್ರು. ಅದರಲ್ಲಿ ಕೆಂಪು ಲೈಟಿನ ಮೋಡ್ ಒಂದಿರುತ್ತೆ, ಕಣ್ಣಿಗೆ ಅಷ್ಟು ಹೊಡೆಯಲ್ಲ, ಹುಡುಕಿ ಒತ್ತಿ ಕೊಟ್ಟೆ. ಅವರು ಸೆಲ್ ಮುಗೀತೇನೋ ಅಂದ್ಕೊಂಡು ಮತ್ತೆ ಒತ್ತಿದ್ರು, ಅದು ಮಿಣುಕೋಕೆ ಶುರುವಾಯ್ತು. ನನ್ನ ಮನೆ ಸಾಲದ ಬಗ್ಗೆ ಐದು ನಿಮಿಷ ಬುದ್ಧಿ ಹೇಳಿದ್ದು ಆ ಮಿಣುಕಲ್ಲೇ, ಡಿಸ್ಕೋದಲ್ಲಿ ನಿಂತು ಬೈಸ್ಕೊಂಡ ಹಾಗಿತ್ತು.

ರಾತ್ರಿ ಎರಡು ಗಂಟೆಗೆ ನನ್ನ ಗಾಳಿ ಹಾಸಿಗೆ ಮೆತ್ತಗಾಗಿ ಬೆನ್ನು ನೆಲ ಮುಟ್ಟಿತ್ತು. ಚಳಿಗೆ ಒಳಗಿನ ಗಾಳಿ ಕುಗ್ಗುತ್ತೆ, ಅಷ್ಟೇ, ಎರಡು ಸಲ ಊದಿದ್ರೆ ಮುಗೀತು. ಆದ್ರೆ ನಾನು ಹೊರಳಾಡೋ ಸದ್ದು ಕೇಳಿ ಟೆಂಟಿನ ಜಿಪ್ ಸರ್ರಂತ ಇಳೀತು, ಸೂರ್ಯ ಒಳಗೆ ಬಂದ, "ಪಂಕ್ಚರ್ರು, ತೂತು ಹುಡುಕೋಣ, ಏಳು" ಅಂದ. ಇಲ್ಲದ ತೂತನ್ನ ಇಪ್ಪತ್ತು ನಿಮಿಷ ಹುಡುಕಿದ್ವಿ.

ಎರಡನೇ ರಾತ್ರಿ, ದೇವರು ದೊಡ್ಡೋನು, ಸೆಲ್ ಖಾಲಿ. ಬೆಂಕಿನೂ ಆರಿ ಕೆಂಡ ಬೂದಿ ಮುಚ್ಚಿತ್ತು, ಯಾರ ಮುಖನೂ ಕಾಣ್ತಿರಲಿಲ್ಲ. ದೊಡ್ಡಪ್ಪ ಎರಡು ಸಲ ಗಂಟಲು ಸರಿ ಮಾಡ್ಕೊಂಡು "ವಿಷ್ಯ ಏನಪ್ಪಾ ಅಂದ್ರೆ" ಅಂದ್ರು. ನಾನು ಥಟ್ಟಂತ ತಿರುಗಿದೆ. ಅದೇ ಕೆಮ್ಮು, ಅದೇ ರಾಗ. ಅಪ್ಪ ಹೋಗಿ ಆರು ವರ್ಷ ಆಯ್ತು. ಫೋನಲ್ಲಿ ಎಷ್ಟೋ ಸಲ ಮಾತಾಡಿದ್ದೀನಿ, ಈ ಮನುಷ್ಯನ ದನಿ ಅಪ್ಪನ ದನಿ ಅಂತ ಯಾವತ್ತೂ ಅನ್ಸಿರ್ಲಿಲ್ಲ. ಏನು ಹೇಳ್ತಿದ್ದಾರೆ ಅನ್ನೋದು ಬಿಟ್ಟು ಸುಮ್ನೆ ಕೇಳ್ತಾ ಕೂತಿದ್ದೆ, ಕೊನೇಗೆ ಕಿವಿಗೆ ಬಿದ್ದಿದ್ದು ಇಷ್ಟು: "ಚಿಕ್ಕೋರಿದ್ದಾಗ ಮನೇಲಿ ಇದ್ದಿದ್ದೇ ಒಂದು ಟಾರ್ಚು ಕಣೋ. ನಿಮ್ಮಪ್ಪ ನನ್ನ ಕೈಗೆ ಕೊಡ್ತಾನೇ ಇರ್ಲಿಲ್ಲ."

ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಕಾರಿಂದ ಹೊಸ ಸೆಲ್ ತಂದುಕೊಟ್ಟ.

ನಿನ್ನೆ ಗ್ರೂಪಿಗೆ ಫೋಟೋ ಬಂದ್ವು. ರಾತ್ರಿ ತೆಗೆದ ಅಷ್ಟೂ ಫೋಟೋದಲ್ಲಿ ಮಧ್ಯದಲ್ಲೊಂದು ಸ್ವೆಟರು, ಅದರ ಮೇಲೆ ಬೆಳ್ಳಗಿನ ಗುಂಡು, ಮೂಗಿಲ್ಲ ಬಾಯಿಲ್ಲ. ಕೆಳಗೆ ದೊಡ್ಡಪ್ಪನ ಮೆಸೇಜು: "ಎಲ್ರೂ ಚೆನ್ನಾಗಿ ಬಂದಿದ್ದೀರ. ನನ್ನ ಮುಖಕ್ಕೆ ಲೈಟ್ ಬಿಟ್ಟವರು ಯಾರು?"